ಮೋಡೆಮ್ಮಿಗೆ ಚುಚ್ಚಿದ ಪಿನ್ನು

ಎಲ್ಲ ಅನಾಹುತಕ್ಕೂ ಮೂಲ ನಕ್ಷೆಗಾರನ ಮುಖ. ಅಂದರೆ ಮುಖದ ಫೋಟೋ. ವರ್ಗಾವಣೆ ಅರ್ಜಿಯ ಫೋಟೋ ಐವತ್ತು ಕೆಬಿ ಮೀರಕೂಡದೆಂದು ಇಲಾಖೆ ಹಟ ಹಿಡಿದಿತ್ತು. ಅವನು ಫೋಟೋ ಕುಗ್ಗಿಸುವ ಪುಕ್ಕಟೆ ಪ್ರೋಗ್ರಾಮೊಂದನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಫೋಟೋ ಕುಗ್ಗಿತು, ಜೊತೆಗೆ ವೈರಸ್ಸೂ ಬಂದು ಕೂತಿತು. ಏನು ಒತ್ತಿದರೂ ತಲೆಗೂದಲು ಬೆಳೆಸುವ ಎಣ್ಣೆಯ ಜಾಹೀರಾತು. ನಕ್ಷೆಗಾರ ಬೋಳುತಲೆಯವನು, ಬಹಳ ಮನಸ್ಸಿಗೆ ಹಚ್ಚಿಕೊಂಡ.

ಅರ್ಜಿಗೆ ಕೊನೆಯ ದಿನ ಅವತ್ತೇ, ಸಂಜೆ ಐದು ಗಂಟೆ. ಹೆಂಡತಿ, ಮಗಳು ಇರುವ ಊರಿಗೆ ಹೋಗಲು ವರ್ಷಕ್ಕೊಂದೇ ಸಲ ಈ ಅವಕಾಶ. ಮೂರು ವರ್ಷದಿಂದ ತಾನು ಬೇಯಿಸಿದ್ದನ್ನು ತಾನೇ ತಿಂದು ಅವನಿಗೆ ಸಾಕಾಗಿತ್ತು. ಮೊಬೈಲಿನಲ್ಲಿ ಆ ಅರ್ಜಿ ತೆರೆಯುತ್ತಲೇ ಇರಲಿಲ್ಲ. ರಜೆ ಹಾಕಿ ಕೂತು, ಮೂರು ಗಂಟೆಯ ಹೊತ್ತಿಗೆ ವೈರಸ್ಸನ್ನು ಬೇರುಸಹಿತ ಕಿತ್ತುಹಾಕಿದ. ಅಷ್ಟಕ್ಕೇ ಸುಮ್ಮನಿರಬಾರದಿತ್ತೆ? ನೆಟ್ಟು ಬರುವ ಪೆಟ್ಟಿಗೆಯೊಳಗೂ ವೈರಸ್ಸಿನ ಮರಿಗಳು ಉಳಿದಿರಬಹುದೆಂಬ ಅನುಮಾನ ಬಂತು. ಮೋಡೆಮ್ಮಿನ ಹಿಂದಿದ್ದ ಸಣ್ಣ ತೂತಿಗೆ ಗುಂಡುಪಿನ್ನು ಚುಚ್ಚಿ ಹತ್ತು ಎಣಿಸಿದ. ಹಸಿರು ದೀಪ ಆರಿ ಕೆಂಪು ಹತ್ತಿತು. ನೆಟ್ಟು ಹೋಯಿತು.

ಪಿನ್ನು ಇನ್ನೂ ಕೈಯಲ್ಲೇ ಇತ್ತು, ಬಾಗಿಲು ಬಡಿದ ಸದ್ದು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಒಂದೇ ಕಾಲಿಗೆ ಚಪ್ಪಲಿ.

“ಏನಪ್ಪಾ, ನೆಟ್ಟು ಹೋಯ್ತಾ ನಿಂಗೆ?”

“ಹೌದು ಸಾರ್. ನಿಮಗೆ ಹೇಗೆ ಗೊತ್ತಾಯ್ತು?”

“ವಯಸ್ಸಾದೋರಿಗೆ ಗೊತ್ತಾಗುತ್ತೆ.”

ಹಿಂದೆಯೇ ಮೇಲಿನ ಮನೆಯ ಸಂಗೀತದ ಟೀಚರು, ಕೆಳಗಿನ ಅಂಗಡಿಯ ಟೈಲರ್ ಬಂದರು. ಅವನಿಗೆ ಜ್ವರ ಬಂದು ಮಲಗಿದಾಗಲೂ ಇಷ್ಟು ಜನ ಬಂದಿರಲಿಲ್ಲ. ನಕ್ಷೆಗಾರನಿಗೆ ಕಣ್ಣು ತುಂಬಿ ಬಂತು.

ಪೋಸ್ಟ್‌ಮಾಸ್ಟರು ವೈರುಗಳನ್ನೆಲ್ಲ ಕಿತ್ತು, ಅಂಗಿಯ ತುದಿಯಲ್ಲಿ ಒರೆಸಿ, ನೆನಪಿದ್ದಷ್ಟನ್ನು ಮತ್ತೆ ಸಿಕ್ಕಿಸಿದರು. ಟೈಲರ್ ಟೇಪು ಹಿಡಿದು ಅಳೆದು, ಪೆಟ್ಟಿಗೆ ಎತ್ತರ ಸಾಲದೆಂದು ಬೀರುವಿನ ಮೇಲಿಟ್ಟ. ಅದು ನೇರವಾಗಿ ನಕ್ಷೆಗಾರನ ಕಾಲಿನ ಮೇಲೆ ಬಿತ್ತು. “ಪಾಪ, ಕಾದುಹೋಗಿದೆ,” ಎಂದು ಟೀಚರು ಒದ್ದೆ ಬಟ್ಟೆ ತಂದರು. ಕಾಲಿಗಲ್ಲ, ಪೆಟ್ಟಿಗೆಗೆ.

ನಾಲ್ಕೂವರೆಗೆ ಹೆಂಡತಿಯ ಫೋನು. “ಕಳಿಸಿದ್ರಾ?”

“ಇನ್ನೇನು, ಕಳಿಸ್ತಾ ಇದೀನಿ.”

“ಹೋದ ವರ್ಷಾನೂ ಹೀಗೇ ಹೇಳಿದ್ರಿ,” ಎಂದು ಅವಳು ಇಟ್ಟುಬಿಟ್ಟಳು.

ಕಂಪನಿಯ ಸಹಾಯವಾಣಿಯಲ್ಲಿ ಕೊನೆಗೂ ಒಬ್ಬ ಹೆಂಗಸು ಸಿಕ್ಕಳು. “ಪಿನ್ನು ಚುಚ್ಚಿದ್ದಕ್ಕೆ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗಿದೆ ಸರ್. ನಾನು ಹೇಳಿದ ಹಾಗೆ ತುಂಬಿ.” ಅವಳು ಹೇಳಿದಳು, ಅವನು ತುಂಬಿದ. “ಈಗ ವೈಫೈಗೆ ಹೊಸ ಪಾಸ್‌ವರ್ಡ್ ಕೊಡಿ.”

ನಕ್ಷೆಗಾರ ತಲೆ ಸವರಿಕೊಂಡು ಯೋಚಿಸಿದ.

“ಹೊಸದ್ಯಾಕೆ, ಹಳೇದೇ ಇರಲಿ,” ಎಂದರು ಪೋಸ್ಟ್‌ಮಾಸ್ಟರು. “ಮಗಳ ಮುದ್ದಿನ ಹೆಸರು.”

“ಆಮೇಲೆ ಅವಳು ಹುಟ್ಟಿದ ವರ್ಷ,” ಎಂದರು ಟೀಚರು.

“ಮಧ್ಯೆ ಒಂದು ಚುಕ್ಕಿ, ಮರೀಬೇಡಿ,” ಎಂದ ಟೈಲರ್.

ಗಂಟೆ ನಾಲ್ಕು ಐವತ್ತು. ಬೆರಗಾಗಲು ಪುರಸೊತ್ತಿರಲಿಲ್ಲ, ಹೇಳಿದ್ದನ್ನೇ ಒತ್ತಿದ. ಹಸಿರು ದೀಪ ಹತ್ತಿತು. ಮೂವರೂ ಅವನ ಬೆನ್ನು ತಟ್ಟಿದರು, ಮರುಕ್ಷಣ ಕೋಣೆ ಖಾಲಿಯಾಗಿತ್ತು.

ಅರ್ಜಿ ತುಂಬಿ, ಫೋಟೋ ಏರಿಸಿ, ‘ಕಳುಹಿಸು’ ಒತ್ತಿದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಮೇಲಿನ ಮನೆಯಲ್ಲಿ ಟೀಚರು ದೂರದೂರುಗಳ ಹನ್ನೆರಡು ಮಂದಿ ಶಿಷ್ಯರಿಗೆ ಕಂಪ್ಯೂಟರಿನಲ್ಲಿ ಪಾಠ ಶುರುಮಾಡಿದ್ದು ಕೇಳಿಸಿತು. ಕೆಳಗೆ ಟೈಲರ್ ಹಚ್ಚಿದ ಸಿನಿಮಾದ ಹೊಡೆದಾಟ. ಎದುರುಮನೆಯಿಂದ ಪೋಸ್ಟ್‌ಮಾಸ್ಟರ ದನಿ: “ಈಗ ಕಾಣ್ತಿದೀಯ ಪುಟ್ಟಾ, ಪದ್ಯ ಹೇಳು.”

ನಕ್ಷೆಗಾರನಿಗೆ ಆಗ ಎಲ್ಲ ಅರ್ಥವಾಯಿತು. ಕುಂಟುತ್ತ ಎದುರುಮನೆಗೆ ಓಡಿದ.

“ಸಾರ್, ಐದೇ ನಿಮಿಷ ನಿಲ್ಲಿಸಿ.”

“ಎರಡೇ ನಿಮಿಷ ಇರಪ್ಪಾ, ಮೊಮ್ಮಗ ಪದ್ಯ ಹೇಳ್ತಿದಾನೆ. ರಜೆಗೆ ಬಂದಾಗ ಪಾಸ್‌ವರ್ಡ್ ಹೇಳಿಕೊಟ್ಟಿದ್ದು ನಿನ್ನ ಮಗಳೇ ಕಣೋ. ಅಪ್ಪ ಒಬ್ಬರೇ ಇರ್ತಾರೆ, ನೋಡ್ಕೊಳ್ಳಿ ತಾತ ಅಂದ್ಳು. ಬಂಗಾರದಂಥ ಮಗು.”

ನಕ್ಷೆಗಾರ ಪದ್ಯ ಮುಗಿಯುವವರೆಗೆ ಬಾಗಿಲಲ್ಲೇ ಕಾದ. ಹಿಂದಿರುಗಿದಾಗ ಚಕ್ರ ನಿಂತಿತ್ತು. ‘ಅವಧಿ ಮುಗಿದಿದೆ’ ಎಂದಿತ್ತು ಪರದೆ. ಐದು ಗಂಟೆ ದಾಟಿ ಒಂದು ನಿಮಿಷ.

ಫೋನು ಹೊಡೆದುಕೊಳ್ಳತೊಡಗಿತು. ಹೆಂಡತಿ. ಅದನ್ನು ಎತ್ತುವ ಧೈರ್ಯ ಕೂಡಿಸಿಕೊಳ್ಳುತ್ತಿರುವಾಗಲೇ ಪೋಸ್ಟ್‌ಮಾಸ್ಟರು ಮತ್ತೆ ಬಂದರು, ಈ ಸಲ ಎರಡೂ ಕಾಲಿಗೆ ಚಪ್ಪಲಿ.

“ಯಾಕೋ ನೆಟ್ಟು ಬಹಳ ನಿಧಾನ ಇದೆ ಕಣಪ್ಪಾ. ಆ ಕಂಪನಿಯೋರಿಗೆ ಸ್ವಲ್ಪ ಜೋರು ಮಾಡು. ನೀನು ಹೀಗೆ ಮೆತ್ತಗಿದ್ರೆ ಇನ್ನೊಂದು ವರ್ಷ ಆದ್ರೂ ಇದೇ ಗತಿ ನೋಡು.”