ಹುಂಜ ಕೊಟ್ಟು ತಂದ ವಿಸಿಆರ್

ನಮ್ಮ ಮನೆಯಲ್ಲಿ ವಿಸಿಆರ್ ಇದೆ. ಆದರೂ ಪ್ರತಿದಿನ ಸಂಜೆ ನಟಿಸಬೇಕಾದವನು ನಾನು. ಈ ಅನ್ಯಾಯವನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನಗೆ ಅನ್ನ ಅರಗುವುದಿಲ್ಲ.

ನನ್ನ ಹೆಂಡತಿ ನಿಲಾ ಲುಸೇನಾ ಪಟ್ಟಣದ ಮಾರ್ಕೆಟ್ಟಿನಲ್ಲಿ ಒಣಮೀನು ಮಾರುತ್ತಾಳೆ. ನಾನು ಪುಲೋ, ಕ್ಷೌರಿಕ; ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ವರ್ಷ ನಿಲಾ ಮಧ್ಯಾಹ್ನದ ಧಾರಾವಾಹಿಗೆಂದು ದಿನಾ ಓಡೋಡಿ ಮನೆಗೆ ಬರುತ್ತಿದ್ದಳು. ಒಬ್ಬಳು ಕುರುಡಿ ತಾಯಿ, ಅವಳ ಕಳೆದುಹೋದ ಮಗಳು, ನಡುವೆ ವಿಷದಂಥ ಅತ್ತಿಗೆ. ಅಷ್ಟರಲ್ಲಿ ಮಳಿಗೆಯ ಜೊತೆಗಾರ್ತಿ ಮದುವೆಯಾಗಿ ಹೊರಟುಹೋದಳು. ಇನ್ನು ಮಳಿಗೆ ಬಿಟ್ಟು ಬರುವಂತಿಲ್ಲ.

“ಆ ಮಗಳು ತಾಯಿಗೆ ಸಿಗ್ತಾಳೋ ಇಲ್ವೋ, ನಾನು ನೋಡದೇನೇ ಮುಗಿದುಹೋಗುತ್ತೆ,” ಎಂದಳು ಒಂದು ಸಂಜೆ, ತಟ್ಟೆ ತೊಳೆಯುತ್ತಾ. ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ನನ್ನಿಂದ ಏನನ್ನೂ ಕೇಳಿದವಳಲ್ಲ, ಇದನ್ನೂ ಕೇಳಲಿಲ್ಲ.

ಮರುದಿನವೇ, ಮಧ್ಯಾಹ್ನದ ಕಂತನ್ನು ಹಿಡಿದಿಟ್ಟು ಸಂಜೆ ತೋರಿಸುವ ವಿಸಿಆರ್ ಕೊಳ್ಳಲೆಂದು, ನನ್ನ ಹುಂಜ ಕಪಿತಾನನನ್ನು ಮಾರಿಬಿಟ್ಟೆ. (ಮೂರು ಕೋಳಿ ಅಂಕಗಳ ವಿಜಯಿ. ಬೆಳಿಗ್ಗೆ ಎದ್ದರೆ ಹೆಂಡತಿಗಿಂತ ಮೊದಲು ಅವನ ಬೆನ್ನು ಸವರುತ್ತಿದ್ದೆ. ಇದು ನಿಲಾಗೂ ಗೊತ್ತು.)

ಇಬ್ಬರೂ ಕೊಳ್ಳಲು ಹೋದ ಅಂಗಡಿಯಲ್ಲಿ ದೊಡ್ಡ ಕ್ಯಾಸೆಟ್ಟಿನ ಯಂತ್ರ ಬೇರೆ, ಚಿಕ್ಕ ಕ್ಯಾಸೆಟ್ಟಿನದು ಬೇರೆ. ಅಂಗಡಿಯವನು ಹೆಡ್ಡು, ಟೈಮರು ಎಂದು ಮಂತ್ರ ಹೇಳುತ್ತಲೇ ಇದ್ದ. ನಿಲಾ ಅವನನ್ನು ಪಕ್ಕಕ್ಕೆ ಸರಿಸಿ, ಒಂದೊಂದನ್ನೂ ಮೀನಿನ ಬುಟ್ಟಿಯ ಹಾಗೆ ಎತ್ತಿ ನೋಡಿದಳು.

“ಇದೇ ಇರ್ಲಿ. ಒಳ್ಳೇ ತೂಕ ಇದೆ.”

“ಇದೇನು ಒಣಮೀನೇನೇ?”

“ಹಗುರ ಇದ್ದದ್ದು ಯಾವುದು ಬಾಳಿಕೆ ಬಂದಿದೆ ಹೇಳು ಪುಲೋ? ನಿನ್ನ ಪುಣ್ಯ, ಮದುವೆಗೆ ಮುಂಚೆ ನಿನ್ನನ್ನ ಎತ್ತಿ ನೋಡಲಿಲ್ಲ.”

ಮನೆಗೆ ಬಂದ ಮೂರೇ ದಿನದಲ್ಲಿ ಯಂತ್ರಕ್ಕೆ ಬಿಳಿ ದಾರದ ಕಸೂತಿ ಹೊದಿಕೆ ಹೊಲಿದಳು. ಅದರ ಮೇಲೆ ಕೆಂಪು ಮಖಮಲ್ಲಿನ ನಿಲುವಂಗಿ ತೊಟ್ಟ ನಮ್ಮ ಮನೆಯ ಬಾಲಯೇಸುವಿನ ಪ್ರತಿಷ್ಠಾಪನೆಯಾಯಿತು.

“ನಾನಿಲ್ಲದಾಗ ಬಾಲಯೇಸುವನ್ನ ಎತ್ತಕೂಡದು, ಹೊದಿಕೆ ಸರಿಸಕೂಡದು.”

“ಮತ್ತೆ ಗುಂಡಿ ಒತ್ತೋದು ಹೇಗೆ?”

“ಕಣ್ಣು ಮುಚ್ಕೊಂಡು ಕತ್ತರಿ ಆಡಿಸ್ತೀಯಲ್ಲ, ಹಾಗೆ.”

ಇದ್ದದ್ದು ಒಂದೇ ಕ್ಯಾಸೆಟ್ಟು. ಅದನ್ನು ಕೊನೆಯ ಕಂತಿಗೇ ಇಡೋಣ ಎಂದು ನಿಲಾಳೇ ತೀರ್ಮಾನಿಸಿದ್ದಳು.

ಕೊನೆಯ ಕಂತಿನ ಶುಕ್ರವಾರವೂ ಬಂತು. ಗೆಳೆಯ ತೆಮ್ಯೋನ ಮುಖಕ್ಕೆ ನೊರೆ ಹಚ್ಚಿದ್ದವನು ಕತ್ತಿ ಕೆಳಗಿಟ್ಟು, ಶಿಲುಬೆಯ ಗುರುತು ಮಾಡಿಕೊಂಡು, ಹೊದಿಕೆಯ ಕೆಳಗೆ ಕೈ ತೂರಿಸಿ ತಡಕಾಡಿ ಗುಂಡಿ ಒತ್ತಿದೆ. ಒಳಗೆ ಗರ್ ಎಂದಿತು. ಟಿವಿ ಹಾಕಿ ಇಬ್ಬರೂ ಕೂತೆವು. ಮಗಳು ತಾಯಿಯ ಕಾಲು ಹಿಡಿಯುವ ಹೊತ್ತಿಗೆ ನನಗೆ ಏನೂ ಕಾಣಿಸುತ್ತಿರಲಿಲ್ಲ.

“ಅಳ್ತಿದ್ದೀಯೇನೋ ಗೆಳೆಯಾ?” ಎಂದ ತೆಮ್ಯೋ.

“ಕಣ್ಣಿಗೆ ಸೋಪು ಹೋಯ್ತು.”

“ಸೋಪು ಇರೋದು ನನ್ನ ಮುಖದ ಮೇಲಲ್ವೇನೋ!”

ಸಂಜೆ ನಿಲಾ ಸ್ನಾನ ಮಾಡಿ, ಚರ್ಚಿಗೆ ಹಾಕುವ ಉಡುಪು ತೊಟ್ಟು ಬಂದು ಕೂತಳು. ತಾನೇ ಬಾಲಯೇಸುವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಕ್ಯಾಸೆಟ್ಟು ತಿರುಗಿತು. ಪರದೆಯ ತುಂಬ ಒಂದು ಹಂದಿ.

ಟಿವಿಯ ಚಾನೆಲ್ಲು ಬೇರೆ, ಯಂತ್ರದ ಚಾನೆಲ್ಲು ಬೇರೆ ಎಂದು ನನಗೇನು ಗೊತ್ತು? ಅದರ ಅಂಕಿ ಇದ್ದದ್ದು ಕಸೂತಿಯ ಕೆಳಗೆ. ಯಂತ್ರ ತನ್ನ ಪಾಡಿಗೆ ತಾನು ಹಂದಿ ಸಾಕಣೆಯ ಕಾರ್ಯಕ್ರಮವನ್ನು ಭಕ್ತಿಯಿಂದ ಹಿಡಿದಿಟ್ಟುಕೊಂಡಿತ್ತು.

“ತಾಯಿಗೆ ಮಗಳು ಸಿಕ್ಕಳಲ್ಲ ಬಿಡು,” ಎಂದಳು ನಿಲಾ, ಪರದೆಯ ಮೇಲಿನ ಹಂದಿಮರಿಗಳನ್ನು ಎಣಿಸುತ್ತಾ. “ಒಬ್ಬಳಲ್ಲ, ಹನ್ನೊಂದು.”

ನನಗೆ ನಗು ಬರಲಿಲ್ಲ. ಕಿಟಕಿಯಾಚೆ ಕಪಿತಾನನ ಖಾಲಿ ಗೂಡು ಕಾಣುತ್ತಿತ್ತು. ಅವಳ ಮುಖ ನೋಡಲು ಧೈರ್ಯವಾಗದೆ ಎದ್ದು ನಿಂತೆ.

“ಕೂತ್ಕೋ. ನಾನೇ ಆಡಿ ತೋರಿಸ್ತೀನಿ,” ಎಂದೆ.

ಗಿರಾಕಿಗಳಿಗೆ ಹೊದಿಸುವ ಬಟ್ಟೆ ತಲೆಗೆ ಹೊದ್ದು ಕುರುಡಿ ತಾಯಿಯಾದೆ. ಅದನ್ನೇ ಸೊಂಟಕ್ಕೆ ಕಟ್ಟಿ ಅತ್ತಿಗೆಯಾದೆ. ಮಗಳಾಗಿ ನನ್ನ ಕಾಲು ನಾನೇ ಹಿಡಿಯಲು ಹೋಗಿ ಮಗುಚಿಬಿದ್ದೆ. ಅಷ್ಟರಲ್ಲಿ ಕಿಟಕಿಯ ತುಂಬ ನೆರೆಹೊರೆಯವರ ತಲೆಗಳು. ಮಗಳು ಅತ್ತಿಗೆಯ ಕೆನ್ನೆಗೆ ಬಾರಿಸುವ ದೃಶ್ಯ ಬಂತು. ಕೈ ಬೀಸಿದೆ.

“ಎಡಗೈ ಅಲ್ಲ ಪುಲೋ, ಬಲಗೈ,” ಎಂದಳು ನಿಲಾ, ಕಣ್ಣೊರೆಸಿಕೊಳ್ಳುತ್ತಾ. “ಎಡಗೈಲಿ ಅಮ್ಮನ ಕೈ ಹಿಡ್ಕೊಂಡಿದ್ಲು.”

ಎತ್ತಿದ ಕೈ ಅಲ್ಲೇ ನಿಂತಿತು. “ನಿನಗೆ ಹೇಗೆ ಗೊತ್ತು?”

ನಿಲಾ ಬಾಲಯೇಸುವಿನ ಅಂಗಿಯ ಸುಕ್ಕು ತೀಡತೊಡಗಿದಳು. “ಪಕ್ಕದ ತರಕಾರಿಯವಳು ತನ್ನ ಮಳಿಗೆಗೆ ಸಣ್ಣ ಟಿವಿ ತಂದಿಟ್ಟಿದ್ದಾಳೆ. ಮೀನಿನ ಸಾಲಿನೋರೆಲ್ಲ ಅಲ್ಲೇ ನೋಡ್ತೀವಿ.”

“ಯಾವಾಗಿನಿಂದ?”

“ನೀನು ಕಪಿತಾನನ್ನ ಕೊಟ್ಟು ಬಂದೆಯಲ್ಲ, ಅದರ ಮಾರನೇ ದಿನದಿಂದ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳೋಣ ಅಂತಲೇ ಬಂದೆ. ನೀನು ಕೈಲಿ ಜೋಳ ಹಿಡ್ಕೊಂಡು ಖಾಲಿ ಗೂಡಿನ ಮುಂದೆ ನಿಂತಿದ್ದೆ. ಹೇಗೆ ಹೇಳಲಿ?”

ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಚಿಟ್ಟೆ. “ನಾಳೆ ಇದನ್ನ ವಾಪಸ್ ಕೊಟ್ಟು ಬರ್ತೀನಿ.”

“ಇರಲಿ ಬಿಡು, ಬಾಲಯೇಸುವಿಗೆ ಒಳ್ಳೇ ಪೀಠ ಆಗಿದೆ. ಮಧ್ಯಾಹ್ನ ನನಗೆ ಇಷ್ಟು ಅಳು ಬಂದಿರಲಿಲ್ಲ ಪುಲೋ. ಸೋಮವಾರ ಹೊಸದು ಶುರು ಆಗುತ್ತೆ. ನಾನು ತರಕಾರಿಯವಳ ಟಿವಿ ಕಡೆ ತಿರುಗಿಯೂ ನೋಡಲ್ಲ. ಸಂಜೆ ನೀನು ತೋರಿಸು.”

ಅಂದಿನಿಂದ ಯಂತ್ರ ಕಸೂತಿಯ ಕೆಳಗೆ ವಿಶ್ರಾಂತಿಯಲ್ಲಿದೆ, ದುಡಿಯುತ್ತಿರುವವನು ನಾನು. ಹೊಸ ಕಥೆಯಲ್ಲೂ ಒಬ್ಬಳು ಕೆಟ್ಟ ಅತ್ತಿಗೆಯಿದ್ದಾಳೆ. ಕಪಾಳಕ್ಕೆ ಹೊಡೆಯುವ ಪಾತ್ರವನ್ನು ನಿಲಾ ಯಾರಿಗೂ ಬಿಟ್ಟುಕೊಡುವುದಿಲ್ಲ. “ಪುಲೋ ಅಣ್ಣಾ, ಸರಿಯಾಗಿ ಕಾಣಲಿಲ್ಲ, ರಿವೈಂಡ್!” ಎಂದು ಕಿಟಕಿಯಿಂದ ಕೂಗು ಬರುತ್ತದೆ. ನಾನು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು, ಮತ್ತೆ ಮುಂದೆ ಬಂದು ಕೆನ್ನೆ ಒಡ್ಡುತ್ತೇನೆ.