ಮೂರನೇ ಮಹಡಿಯ ಟವೆಲು, ಉಳಿಕೆ ಗುಳಿಗೆಗಳ ಡ್ರಾಯರು ಮತ್ತು ರವಾನೆ ಗುಮಾಸ್ತೆಯ ಕುರು

ಸಂಖ್ಯೆ: ಮೂಮ/ಟವೆಲು/ಕುರು/14, ತಿದ್ದುಪಡಿ-6

ವಿಷಯ: ನೌಕರರ ಮೈಮೇಲೆ ಪೂರ್ವಾನುಮತಿ ಇಲ್ಲದೆ ಏಳುತ್ತಿರುವ ಕುರುಗಳ ಬಗ್ಗೆ.

ಉಲ್ಲೇಖ: (ಅ) ರವಾನೆ ಗುಮಾಸ್ತೆಯ ರಜೆ ಅರ್ಜಿ (ಮೂರು ಸಲ ಹಿಂದಿರುಗಿಸಲಾಗಿದೆ).
(ಆ) ಸದರಿಯವರ ಕೀವಿನ ಪ್ರಯೋಗಾಲಯ ವರದಿ (ಓದಿರುವುದಿಲ್ಲ, ಕಡತಕ್ಕೆ ಸೇರಿಸಲಾಗಿದೆ).

ಪ್ರಸ್ತಾವನೆ:

ಈ ಕಚೇರಿಯ ರವಾನೆ ಗುಮಾಸ್ತೆಯು ಹದಿನೇಳು ವರ್ಷಗಳಿಂದ ಲಕೋಟೆಗಳಿಗೆ ಅಂಟು ಹಚ್ಚುತ್ತಾ, ಅಂಟಾದ ಕೈಯನ್ನು ದಿನಕ್ಕೆ ಹತ್ತು ಸಲ ತೊಳೆದು, ಮಹಡಿಗೆ ಒಂದರಂತೆ ಮಂಜೂರಾಗಿರುವ ಟವೆಲಿಗೆ ಒರೆಸುತ್ತಾ ಬಂದಿರುತ್ತಾರೆ. ಕಳೆದ ತಿಂಗಳು ಸದರಿಯವರ ಬಲ ಮುಂಗೈಯಲ್ಲಿ ಹುಳ ಕಚ್ಚಿದಂತಹ ಕೆಂಪು ಗುಳ್ಳೆಯೊಂದು ಎದ್ದಿತು. "ಅಯ್ಯೋ, ಇಷ್ಟಕ್ಕೆಲ್ಲ ಡಾಕ್ಟರ್ ಯಾಕಕ್ಕಾ? ಡ್ರಾಯರಲ್ಲಿ ಗುಲಾಬಿ ಗುಳಿಗೆ ಇದೆ, ಎರಡು ನುಂಗಿ, ನಾಳೆ ಮಾಯ!" ಎಂದು ಪಕ್ಕದ ಮೇಜಿನ ಬೆರಳಚ್ಚುಗಾರ್ತಿ ಸದುದ್ದೇಶದಿಂದ ಸಲಹೆ ನೀಡಿರುವುದು ಕಡತದಲ್ಲಿದೆ. ನುಂಗಿದರು. ಮಾಯವಾಗಲಿಲ್ಲ. ಗುಳ್ಳೆಯು ನಿಂಬೆಹಣ್ಣಿನಷ್ಟು ದಪ್ಪ ಕುರುವಾಯಿತು.

ವೈದ್ಯರು ಕೊಯ್ದು, ಕೀವನ್ನು ಪರೀಕ್ಷೆಗೆ ಕಳುಹಿಸಿ, ಮಾಮೂಲಿ ಗುಳಿಗೆಗಳು ಯಾವುವೂ ಈ ರೋಗಾಣುವಿಗೆ ನಾಟುತ್ತಿಲ್ಲವೆಂದೂ, ಇದು ಆಸ್ಪತ್ರೆಯಿಂದ ಬಂದದ್ದಲ್ಲ, ಪ್ರಾಯಶಃ ಹಂಚಿಕೊಂಡ ಬಟ್ಟೆಯಿಂದ ಅಂಟಿದ್ದೆಂದೂ, ಹತ್ತು ದಿನ ಬೇರೆ ಔಷಧಿ ಮತ್ತು ವಿಶ್ರಾಂತಿ ಬೇಕೆಂದೂ ಬರೆದುಕೊಟ್ಟರು. ಮರುದಿನ ಸದರಿಯವರು ಟವೆಲನ್ನು ಇಕ್ಕಳದಿಂದ ಹಿಡಿದು ಕಸದ ಬುಟ್ಟಿಗೆ ಹಾಕಿ, ಡ್ರಾಯರಿಗೆ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಚೀಲಕ್ಕೆ ಸೇರಿಸಿ, ನಿರ್ದೇಶಕರ ಬಾಗಿಲಲ್ಲಿ ನಿಂತು, "ಎರಡು ದಿನ ನುಂಗೋದು, ವಾಸಿ ಆಯ್ತು ಅಂತ ಉಳಿದಿದ್ದನ್ನ ಇನ್ನೊಬ್ಬರಿಗೆ ಕೊಡೋದು! ಔಷಧಿನ ಹೇಗೆ ತಪ್ಪಿಸ್ಕೋಬೇಕು ಅಂತ ಆ ರೋಗಕ್ಕೆ ನಾವೇ ಕೂರಿಸಿ ಪಾಠ ಹೇಳಿದ್ದೀವಿ ಸಾರ್" ಎಂದರು. ಹನ್ನೊಂದು ಮಂದಿ ಇದನ್ನು ಕೇಳಿಸಿಕೊಂಡಿದ್ದು, ಅವರಲ್ಲಿ ನಾಲ್ವರು ಆ ವೇಳೆ ತುರಿಸಿಕೊಳ್ಳುತ್ತಿದ್ದರು.

ಆದ ಪ್ರಯುಕ್ತ, ಮೀನಮೇಷ ಎಣಿಸದೆ ಈ ಕೆಳಗಿನಂತೆ ಆದೇಶಿಸಿದೆ:

1. ರಜೆ ನಮೂನೆಯ ಕಲಂ 9ರಲ್ಲಿ "ಸೋಂಕು ತಗುಲಿದ ಆಸ್ಪತ್ರೆಯ ಹೆಸರು" ಕೇಳಲಾಗಿದ್ದು, ಸದರಿಯವರು "ಕಚೇರಿ ಟವೆಲು" ಎಂದು ಬರೆದಿರುತ್ತಾರೆ. ಟವೆಲು ಮಾನ್ಯತೆ ಪಡೆದ ಆಸ್ಪತ್ರೆಯಲ್ಲ. ಮೊದಲು ಆಸ್ಪತ್ರೆ ಸೇರಿ, ಅಲ್ಲಿ ಕ್ರಮಬದ್ಧವಾಗಿ ಸೋಂಕು ತಗುಲಿಸಿಕೊಂಡು, ನಂತರ ಅರ್ಜಿ ಹಾಕಿಕೊಳ್ಳಲು ಹಾಗೂ ಅಲ್ಲಿಯವರೆಗೆ ಕೆಲಸಕ್ಕೆ ಹಾಜರಾಗಲು ತಿಳಿಸಲಾಗಿತ್ತು. ಹಾಜರಾದರು. ಒಂದು ವಾರ ಎಡಗೈಯಲ್ಲೇ ಅಂಟು ಹಚ್ಚಿದರು.

2. ಟವೆಲನ್ನು ಬುಟ್ಟಿಯಿಂದ ಮೇಲೆತ್ತಿ, ಕೊಡವಿ, ಸಕಲ ಗೌರವಗಳೊಂದಿಗೆ ಅದೇ ಮೊಳೆಗೆ ಮರುನಿಯೋಜಿಸಲಾಗಿದೆ. ಇನ್ನು ಮುಂದೆ ನಾಲ್ಕು ಮೂಲೆಗಳು ಅಧಿಕಾರಿಗಳಿಗೆ, ನಡುಭಾಗ ಇತರರಿಗೆ. ಕುರು ಇರುವವರು ಹಿಂಬದಿಯನ್ನು ಮಾತ್ರ ಬಳಸತಕ್ಕದ್ದು. ಹಿಂಬದಿ ಯಾವುದೆಂದು ತೀರ್ಮಾನಿಸಲು ಉಪಸಮಿತಿ ರಚಿಸಲಾಗಿದೆ.

3. ಗುಳಿಗೆಗಳನ್ನು ಬಣ್ಣ ನೋಡಿ ನುಂಗುವ ಪದ್ಧತಿ ಮುಂದುವರಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ನುಂಗುವವರನ್ನು ಸ್ವಾರ್ಥಿಗಳೆಂದು ಸೇವಾ ಪುಸ್ತಕದಲ್ಲಿ ನಮೂದಿಸಲಾಗುವುದು.

4. ಔಷಧಿಯ ಆದೇಶವನ್ನು ಪಾಲಿಸದಿರುವುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡುವಂತೆ ರೋಗಾಣುವಿಗೆ ನೋಟಿಸ್ ನೀಡಿ, ವಾಷ್ ಬೇಸಿನ್ ಮೇಲೆ ಅಂಟಿಸಲಾಗಿತ್ತು. ಉತ್ತರ ಬಾರದ ಕಾರಣ ಅದು ತಪ್ಪೊಪ್ಪಿಕೊಂಡಿದೆ ಎಂದು ಭಾವಿಸಿ ಪ್ರಕರಣ ಮುಕ್ತಾಯಗೊಳಿಸಲಾಗಿದೆ.

5. "ಕುರು" ಎಂಬ ಪದಬಳಕೆ ನಿಷೇಧಿಸಿದೆ. "ಚರ್ಮದ ತಾತ್ಕಾಲಿಕ ಉನ್ನತಿ" ಎನ್ನತಕ್ಕದ್ದು. ಈ ತಿಂಗಳು ಒಂಬತ್ತು ನೌಕರರು ಉನ್ನತಿ ಹೊಂದಿರುತ್ತಾರೆ. ಸೇವಾ ಹಿರಿತನ ಮೀರಿ ಉನ್ನತಿ ಹೊಂದಿದ ಕಿರಿಯ ಸಹಾಯಕರಿಗೆ ಎಚ್ಚರಿಕೆ ನೀಡಲಾಗಿದೆ.

6. ರವಾನೆ ಗುಮಾಸ್ತೆಯು ಕಳೆದ ಮಂಗಳವಾರ ಚಳಿಜ್ವರದಿಂದ ಮೇಜಿನ ಮೇಲೆಯೇ ಕುಸಿದು ಆಸ್ಪತ್ರೆ ಸೇರಿದ್ದು, ಸೋಂಕು ರಕ್ತಕ್ಕೆ ಇಳಿದಿದೆ, ನಾಟುವ ಔಷಧಿ ಒಂದೇ ಒಂದು ಉಳಿದಿದೆ ಎಂದು ವೈದ್ಯರು ತಿಳಿಸಿರುತ್ತಾರೆ. ಕಲಂ 9ನ್ನು ಈಗ ಭರ್ತಿ ಮಾಡಬಹುದಾಗಿರುವುದನ್ನು ಇಲಾಖೆ ಸಂತೋಷದಿಂದ ಗಮನಿಸಿದೆ. ಆದರೆ ಅರ್ಜಿಯು ಸ್ವಹಸ್ತದಲ್ಲೇ, ಬಲಗೈಯಲ್ಲೇ ಇರತಕ್ಕದ್ದು. "ಅಮ್ಮಂಗೆ ಕೈ ಎತ್ತೋಕೂ ಆಗ್ತಿಲ್ಲ ಸಾರ್. ರಜೆ ಕೊಡದಿದ್ರೂ ಪರವಾಗಿಲ್ಲ, ಆ ಟವೆಲ್ ಒಂದು ತೆಗೆಸಿಬಿಡಿ ಅಂತಿದಾರೆ" ಎಂದು ಸದರಿಯವರ ಮಗಳು ಬರೆದು ಕಳುಹಿಸಿದ ಚೀಟಿಯನ್ನು, ಎಡಬದಿಯಲ್ಲಿ ಅಂಚು ಬಿಡದ ಕಾರಣ ಹಿಂದಿರುಗಿಸಲಾಗಿದೆ.

ಸಹಿ/-
ನಿರ್ದೇಶಕರು
(ನಿಂತುಕೊಂಡು ಸಹಿ ಮಾಡಲಾಗಿದೆ. ಕುಳಿತುಕೊಳ್ಳುವ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.)

ಪ್ರತಿಗಳು:
1. ವಾಷ್ ಬೇಸಿನ್ ಪಕ್ಕದ ಮೊಳೆಗೆ, ಟವೆಲಿನ ಕೆಳಗೆ ತೂಗುಹಾಕಲು.
2. ಬೆರಳಚ್ಚುಗಾರ್ತಿಗೆ. ಬ್ಯಾಂಡೇಜು ಬಿಚ್ಚಿದ ನಂತರ ಶುದ್ಧ ಪ್ರತಿ ತೆಗೆಯುವುದು.
3. ರವಾನೆ ಗುಮಾಸ್ತೆಗೆ, ಕಿಟಕಿ ಪಕ್ಕದ ಹಾಸಿಗೆ. ಡ್ರಾಯರಿನ ಬೀಗದ ಕೈಯನ್ನು ಇದು ತಲುಪಿದ ಕೂಡಲೇ ಕಳುಹಿಸಿಕೊಡುವುದು. ನಿರ್ದೇಶಕರಿಗೆ ಗುಲಾಬಿ ಗುಳಿಗೆ ತುರ್ತಾಗಿ ಬೇಕಾಗಿದೆ.
4. ಕಡತಕ್ಕೆ. ರವಾನೆ ಮಾಡುವವರು ಆಸ್ಪತ್ರೆಯಲ್ಲಿರುವ ಕಾರಣ ಮೇಲಿನ ಪ್ರತಿಗಳಾವುವೂ ರವಾನೆಯಾಗಿರುವುದಿಲ್ಲ.