ಅಮ್ಮನ ರಾಗ ದಾಟಿಸಿದ್ದು

ತೊಡೆಯ ಮೇಲೆ ಗಿಟಾರು ಇಟ್ಟುಕೊಂಡ ದಿನದಿಂದ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇದೆ. ಕುಂದಾಪುರದ ಹತ್ತಿರದ ಹೆಮ್ಮಾಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಮುದುಕಿಯಾದವಳು ನಾನು. ಅಮ್ಮ ಗುನುಗುತ್ತಿದ್ದ ಒಂದು ರಾಗ ಈಗ ನನಗೂ ಅಕ್ಕನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳು ಹಿತ್ತಿಲ ಕಲ್ಲಿನ ಮೇಲೆ ಮೀನು ಉಜ್ಜುವಾಗ ಅದು ಗಿಟಾರಿನ ಲೆಕ್ಕದಲ್ಲಿ ಎ ಮೈನರ್ ಸ್ಕೇಲು. ನೀರು ಹೊಯ್ದು ತೊಳೆಯುವಾಗ, ನಡುವೆ ಎಲ್ಲೂ ನಿಲ್ಲದೆ, ಡಿ ಮೈನರ್. ಅದನ್ನು ಅಕ್ಕನ ಮುಂದೆ ಒಮ್ಮೆ ತಡವರಿಸದೆ ನುಡಿಸಬೇಕೆಂಬುದೇ ನನ್ನ ಆಸೆ.

೧. ಚಹಾ

ದಿನಾ ಸಂಜೆ ಸ್ಕೇಲ್ ಬದಲಾಗುವಲ್ಲಿ ನಾನು ನಿಂತುಬಿಡುತ್ತಿದ್ದೆ, ಗಿಟಾರು ಇಟ್ಟು ಚಹಾ ಮಾಡಲು ಏಳುತ್ತಿದ್ದೆ. ನನಗೆ ಗಿಟಾರು ಕಲಿಸುವ ಕೆಳಗಿನ ಮನೆಯ ಹುಡುಗಿ ಹೇಳಿದಳು: "ಆಂಟಿ, ಎಫ್ ಕಾರ್ಡಿನ ಸ್ವರಗಳು ಎರಡೂ ಸ್ಕೇಲಿನಲ್ಲಿವೆ. ಅದನ್ನು ಹಿಡಿಯಿರಿ, ಆಮೇಲೆ ಎ ಸೆವೆನ್, ಆಮೇಲೆ ಡಿ ಮೈನರ್. ದಾಟಿದ್ದೇ ಗೊತ್ತಾಗುವುದಿಲ್ಲ."

ಒಂದು ಸಂಜೆ ನಿಜಕ್ಕೂ ದಾಟಿಬಿಟ್ಟೆ. ಕಣ್ಣು ಮುಚ್ಚಿ ತೇಲುತ್ತಿದ್ದೆ. ಯಜಮಾನರು ಸಿಟ್ಟಿನಿಂದ ಹೊರಗೆ ಬಂದರು. "ಹ್ವಾಯ್, ಇವತ್ತ್ ಎಂತ ನಿಲ್ಸ್ಲೇ ಇಲ್ಲೆ? ನೀ ನಿಲ್ಸದಿರೆ ಚಾ ಮಾಡೂದ್ ಯಾರ್?"

೨. ಬಸ್ಸು

ಗಿಟಾರು ಹಿಡಿದು ಮುಂಬೈಯಿಂದ ಊರಿಗೆ ಬಂದವಳು, ಕುಂದಾಪುರದಿಂದ ಬ್ರಹ್ಮಾವರಕ್ಕೆ, ಅಕ್ಕನ ಮನೆಗೆ ಹೊರಟಿದ್ದೆ. ಕಿಟಕಿಯಲ್ಲಿ ಹೊಳೆ ಕರಗಿ ಗದ್ದೆಯಾಯಿತು, ಗದ್ದೆ ಕರಗಿ ತೆಂಗಿನ ನೆರಳಾಯಿತು. ಎಲ್ಲಿ ಬದಲಾಯಿತೆಂದೇ ತಿಳಿಯಲಿಲ್ಲ. ನನ್ನ ಎಡಗೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿದು ಎಫ್ ಅಭ್ಯಾಸ ಮಾಡುತ್ತಿತ್ತು.

ಕಂಡಕ್ಟರು ಬಗ್ಗಿ ನೋಡಿದ. "ಅಮ್ಮ, ಹೆದ್ರಬೇಡಿ. ಡ್ರೈವರಿಗೆ ಮೆಲ್ಲ ಹೋಪುಕ್ ಹೇಳ್ತೆ."

ಬಸ್ಸು ನಿಧಾನವಾಯಿತು. ಹಿಂದಿನ ಬಸ್ಸು ಹಾರ್ನ್ ಬಾರಿಸುತ್ತ ನಮ್ಮನ್ನು ದಾಟಿ ಹೋಯಿತು. ಸ್ಕೇಲು ದಾಟಿಸಲು ಹೊರಟವಳ ಕಡೆ ಇಡೀ ಬಸ್ಸು ತಿರುಗಿ ನೋಡಿತು.

೩. ಅಕ್ಕ

ಅಕ್ಕನಿಗೆ ಈಗ ಎದ್ದು ಓಡಾಡಲು ಆಗುವುದಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು, "ಅರ್ಧಕ್ಕೇ ಮರ್ತ್ ಬಿಡ್ತೆ ನೀ, ನಂಗ್ ಗೊತ್ತಿತ್ತ್," ಎಂದಳು.

ಶುರು ಮಾಡಿದೆ. ಅಕ್ಕನ ಕಣ್ಣು ಮುಚ್ಚಿತು. ಅಂಗಳದ ಬಿಸಿಲೂ ತೂಕಡಿಸುವಂತಿತ್ತು. ಎಫ್ ಬಂತು. ಮುಂದಿನ ಕಾರ್ಡ್ ಯಾವುದೆಂದು ಬೆರಳು ಮರೆತೇಬಿಟ್ಟಿತು! ನಿಲ್ಲಿಸಬಾರದೆಂದು ಎಫ್ ಅನ್ನೇ ಮೀಟಿದೆ, ಮತ್ತೆ ಮೀಟಿದೆ, ಮೀಟುತ್ತಲೇ ಇದ್ದೆ.

ಅಕ್ಕ ಕಣ್ಣು ತೆರೆಯದೆಯೇ ಗದರಿದಳು: "ಎಷ್ಟೊತ್ತ್ ಮಾರಾಯ್ತಿ ಒಂದೇ ಮೀನ್ ಉಜ್ಜೂದ್? ನೀರ್ ಹೊಯ್ ಕಾಂಬ!"

ಬೆಚ್ಚಿದ ಬೆರಳು ತಾನಾಗಿ ಎ ಸೆವೆನ್‌ಗೆ ಹಾರಿತು, ಅಲ್ಲಿಂದ ಡಿ ಮೈನರ್‌ಗೆ ಇಳಿಯಿತು. ಅಕ್ಕ ಜೊತೆಗೆ ಗುನುಗಿದಳು. ಅಮ್ಮನೇ ಹಿತ್ತಿಲಲ್ಲಿ ಕೂತಂತಾಯಿತು.

ರಾಗ ಮುಗಿದಾಗ ಕಣ್ಣೊರೆಸಿಕೊಂಡು ನೋಡಿದೆ. ಅಕ್ಕನ ಬೆಕ್ಕು ನನ್ನ ಕಾಲ ಬಳಿ ಬಂದು, ಬಾಲ ಸುತ್ತಿಕೊಂಡು, ತನ್ನ ಪಾಲಿನ ಮೀನಿಗಾಗಿ ಕಾಯುತ್ತಿತ್ತು.